ಓಗೊಡುವವರೆಗೆ ಕಾಯುವ ಪೆಟ್ಟಿಗೆ

ಜ್ಯೂಲಿ ಸಿದ್ದಿ ಏನು ಓದುತ್ತಿದ್ದಾಳೆ ಎಂದು ಅವಳ ಕೇರಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾರೆ. ಹಳಿಯಾಳದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ ಎನ್ನುವವರೆಗೆ ಯಾರದೂ ತಕರಾರಿಲ್ಲ. ಕಲಿಸುವವಳು ಮತ್ತೆ ಯಾಕೆ ಓದಬೇಕು ಎಂಬಲ್ಲಿಂದ ಗೊಂದಲ ಶುರುವಾಗುತ್ತದೆ. ಪಕ್ಕದ ಮನೆಯ ಸಿದ್ದಕ್ಕನ ಪ್ರಕಾರ ಅವಳು ಕಂಪ್ಯೂಟರಿಗೆ ಸೂಜಿ ಚುಚ್ಚುವ ಡಾಕ್ಟರ್ ಆಗುತ್ತಾಳೆ. ಅಪ್ಪ ಪೆದ್ರು, ‘ಏನು ಓದಾಕತ್ತೇನಿ ಅನ್ನೂದು ಆಕಿಗೇ ಗೊತ್ತಿಲ್ಲ, ಅದಕ್ಕ ಇಷ್ಟು ವರ್ಷ ಹಿಡೀತು’ ಎಂದು ನಗುತ್ತಾನೆ. ಆಯಿ ಸೋನುಬಾಯಿ ಮಾತ್ರ ಮಗಳನ್ನು ಬಿಟ್ಟುಕೊಡುವುದಿಲ್ಲ. ‘ಹಾಲು ಒಲಿ ಮ್ಯಾಲೆ ಇಡೂಕಿಂತ ಮೊದಲ, ಪಾತೇಲಿ ನೋಡಿನ ಉಕ್ಕತೈತೋ ಇಲ್ಲೋ ಹೇಳೂ ವಿದ್ಯಾ ಅದು’ ಎನ್ನುತ್ತಾಳೆ.

ಆಯಿಯ ಮಾತು ನಿಜಕ್ಕೆ ಬಹಳ ಹತ್ತಿರ. ಒಂದು ಪ್ರೋಗ್ರಾಮನ್ನು ಓಡಿಸಿ ನೋಡಿ, ಅದು ಕಂಪ್ಯೂಟರಿನ ಮೆಮೊರಿಯಲ್ಲಿ ಎಷ್ಟು ಜಾಗ ತಿಂದಿತು ಎಂದು ಯಾರು ಬೇಕಾದರೂ ಹೇಳಿಯಾರು. ಓಡಿಸದೆ, ಬರೆದದ್ದನ್ನು ಓದಿಯೇ, ಇದು ಯಾವ ಕಾಲಕ್ಕೂ ಇಷ್ಟಕ್ಕಿಂತ ಹೆಚ್ಚು ತಿನ್ನಲಾರದು ಎಂದು ಗೆರೆ ಎಳೆದು ಹೇಳುವುದು ಕಷ್ಟ. ಹಾಗೆ ಹೇಳಬಲ್ಲ ಇನ್ನೊಂದು ಪ್ರೋಗ್ರಾಮನ್ನು ಜ್ಯೂಲಿ ಬರೆದಿದ್ದಾಳೆ. ದೊಡ್ಡ ಕಂಪ್ಯೂಟರುಗಳಿಗೆ ಇದರ ಹಂಗು ಅಷ್ಟಾಗಿಲ್ಲ, ಅವುಗಳ ಹೊಟ್ಟೆ ದೊಡ್ಡದು. ನೀರಿನ ಪಂಪಿನಲ್ಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕದ ಯಂತ್ರದಲ್ಲಿ ಅಂಗೈಯಗಲದ ಕಂಪ್ಯೂಟರು ಕೂತಿರುತ್ತದಲ್ಲ, ಅದಕ್ಕೆ ಜಾಗ ಮುಗಿದರೆ ನಿಂತಲ್ಲೇ ನಿಂತುಬಿಡುತ್ತದೆ. ಅಂಥವುಗಳಿಗಾಗಿ ಜ್ಯೂಲಿಯ ಓದು.

ತಾನು ಬರೆದ ಪ್ರೋಗ್ರಾಮಿಗೆ ಅವಳು ಇಟ್ಟ ಹೆಸರು ಅಂಜುಬುರುಕಿ. ಅದು ಕಂಡದ್ದಕ್ಕೆಲ್ಲ ಹೆದರುತ್ತದೆ. ಹೆದರದೆ ವಿಧಿಯೂ ಇಲ್ಲ. ಈಗಿನ ಪ್ರೋಗ್ರಾಮುಗಳೊಳಗೆ ಆಬ್ಜೆಕ್ಟುಗಳೆಂಬ ಪಾತ್ರಧಾರಿಗಳಿರುತ್ತಾರೆ. ಉದಾಹರಣೆಗೆ ಮನೆ ಎಂಬ ಪಾತ್ರಧಾರಿಗೆ ‘ಮನೆಯೇ, ಓಗೊಡು’ ಎಂದು ಅಪ್ಪಣೆ ಒಂದೇ ಬರೆದಿರುತ್ತದೆ. ಓಡುವಾಗ ಆ ಜಾಗಕ್ಕೆ ಎಂಥ ಮನೆ ಬಂದು ನಿಂತೀತು, ಥಟ್ಟನೆ ಓಗೊಡುವುದೋ, ಮೈಮುರಿದು ನಿಧಾನಕ್ಕೆ ಓಗೊಡುವುದೋ, ಓಗೊಡುವುದೇ ಇಲ್ಲವೋ ಎಂಬುದು ಓದಿದವರಿಗೆ ಕಾಣುವುದಿಲ್ಲ. ಕಾಣದಿದ್ದಾಗ ಅತ್ಯಂತ ಕೆಟ್ಟದ್ದನ್ನೇ ಎಣಿಸಿಕೊಳ್ಳಬೇಕು. ಇನ್ನೊಂದು ತೊಡಕೆಂದರೆ, ಒಂದು ಆಬ್ಜೆಕ್ಟನ್ನು ಯಾರಾದರೂ ಕೈಯಲ್ಲಿ ಹಿಡಿದುಕೊಂಡಿರುವ ತನಕ ಅದು ಜಾಗ ಬಿಟ್ಟು ಹೋಗುವುದಿಲ್ಲ. ಹಿಡಿದವರು ಎಂದು ಬಿಟ್ಟಾರು ಎಂದು ಗೊತ್ತಾಗದಿದ್ದರೆ ಅಂಜುಬುರುಕಿ ‘ಮಿತಿ ಸಿಗಲಿಲ್ಲ’ ಎಂದು ಕೆಂಪಕ್ಷರದಲ್ಲಿ ಬರೆದು ಕೈಕಟ್ಟಿ ಕೂರುತ್ತದೆ.

ಹತ್ತು ಸಲ ಹೆದರಿದರೆ ಒಂಬತ್ತು ಸಲ ಸುಮ್ಮನೆ ಹೆದರಿದ್ದು. ಅದಕ್ಕಾಗಿ ಜ್ಯೂಲಿ ಒಂದು ಸವಲತ್ತು ಮಾಡಿಟ್ಟಿದ್ದಳು. ಪ್ರೋಗ್ರಾಮು ಬರೆದವರು ಅಂಥ ಕಡೆಯಲ್ಲಿ ‘ಇದು ಮುಗಿಯುತ್ತದೆ, ನಾನು ಹೊಣೆ’ ಎಂದು ಒಂದು ಸಾಲು ಬರೆದರೆ ಸಾಕು, ಅಂಜುಬುರುಕಿ ನಂಬಿ ಮುಂದಕ್ಕೆ ಹೋಗುತ್ತದೆ. ಇದಕ್ಕೆ ಅವಳು ಮಾತು ಕೊಡುವುದು ಎನ್ನುತ್ತಿದ್ದಳು. ವಿದ್ಯಾರ್ಥಿಗಳು ಎಲ್ಲೆಂದರಲ್ಲಿ ಮಾತು ಕೊಟ್ಟರೆ ಮಾತ್ರ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮಾತು ಕೊಡುವ ಮುಂಚೆ ಮನೆಮಂದಿಯನ್ನೆಲ್ಲ ಕೇಳಿ ಬಂದಿರಾ ಎಂದು ತರಗತಿಯಲ್ಲಿ ಗದರುವಳು. ಹಾಗೆ ಗದರಿದವಳೇ ತಾನು ಒಂದು ಕಡೆ ಮಾತು ಕೊಟ್ಟಳು, ಅದೂ ಆಯಿಯ ಜೀವವನ್ನು ಅದರ ಮೇಲಿಟ್ಟು. ಯಾಕೆ ಕೊಟ್ಟಳು ಎಂದು ತಿಳಿಯಬೇಕಾದರೆ ಕೇರಿಯ ಕೂಗಿನ ಕಥೆ ಹೇಳಬೇಕು.

ಕೇರಿ ಇರುವುದು ಕೋಗಿಲಬನ ದಾಟಿ ಮುಂದೆ, ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಕಾಳಿ ನದಿ. ಜೇನಿಗೋ ಉರುವಲಿಗೋ ಕಾಡಿಗೆ ಹೊರಟರೆ ಎಲ್ಲರೂ ಗುಂಪಾಗಿ ಹೋಗುತ್ತಾರೆ, ಹೋಗಿ ಚದುರುತ್ತಾರೆ. ಮನೆಗೆ ಹೊರಡುವ ಹೊತ್ತಿಗೆ ಹಿರಿಯರೊಬ್ಬರು ‘ಕೂ’ ಎಂದು ಕೂಗುತ್ತಾರೆ. ಎಲ್ಲರೂ ಓಗೊಡಬೇಕು. ಒಬ್ಬರ ಕೂ ಬರದಿದ್ದರೂ ಉಳಿದವರು ಊರ ಕಡೆ ಹೆಜ್ಜೆ ಹಾಕುವಂತಿಲ್ಲ. ಯಾರ ಕೂ ಯಾರದೆಂದು ಕೂಸಿಗೂ ಗೊತ್ತು. ಸಿದ್ದಕ್ಕನದಂತೂ ನಡುವೆ ಒಡೆದು, ಕೊನೆಗೆ ಎಳೆಯ ಹುಂಜದ ಹಾಗೆ ಮೇಲಕ್ಕೇರುತ್ತದೆ. ಚಿಕ್ಕವಳಿದ್ದಾಗ ಜ್ಯೂಲಿ ಅದನ್ನು ತದ್ವತ್ ಅಣಕಿಸಿ, ಸಿದ್ದಕ್ಕನ ಕೈಯಿಂದ ಬೆನ್ನಿಗೆ ತಿಂದದ್ದಕ್ಕೆ ಲೆಕ್ಕವಿಲ್ಲ.

ಅವಳು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಪೆದ್ರು ಜೇನಿಗೆ ಮರ ಹತ್ತಿ ಬಿದ್ದ. ಆ ಸಂಜೆ ಅವನ ಕೂ ಬರಲಿಲ್ಲ. ಉಳಿದವರು ಬಿಟ್ಟು ಬರಲಿಲ್ಲ. ಕೊನೆಗೆ ಕಂಬಳಿಯಲ್ಲಿ ಹಾಕಿಕೊಂಡು ಅವನನ್ನು ಹೊತ್ತು ತಂದರು. ಕಾಲು ಕುಂಟಾಯಿತು, ಜೀವ ಉಳಿಯಿತು. ಮನೆಯ ಹೊಸ್ತಿಲಲ್ಲಿ ಕಾದು ಕೂತಿದ್ದ ಹುಡುಗಿಯ ತಲೆಯಲ್ಲಿ ಅಂದು ಕೂತದ್ದು ಇಷ್ಟೇ: ನಮ್ಮ ಜನ ಕೂಗುವುದನ್ನು ನಿಲ್ಲಿಸಲಿಲ್ಲ, ಅದಕ್ಕೆ ನನಗೆ ಅಪ್ಪ ಇದ್ದಾನೆ. ಆಮೇಲೆ ಎಷ್ಟು ಓದಿದರೂ ಅದು ಅಲುಗಲಿಲ್ಲ.

ಇನ್ನು ನದಿಯ ವಿಷಯ. ಮೇಲೆ ಅಣೆಕಟ್ಟಿನಲ್ಲಿ ಕರೆಂಟಿಗೆಂದು ಸಂಜೆಯ ಸುಮಾರಿಗೆ, ದಿನಕ್ಕೊಂದು ಹೊತ್ತಿನಲ್ಲಿ, ನೀರು ಬಿಟ್ಟರೆ ಕೆಳಗೆ ಒಂದೊಂದೇ ಬಂಡೆ ಮುಳುಗುತ್ತದೆ. ಬೇಸಿಗೆಯಲ್ಲಿ ಕೇರಿಯ ಹೆಂಗಸರು ಆ ಬಂಡೆಗಳ ಸಂದಿಯಲ್ಲೇ ಏಡಿ ಹಿಡಿಯುವುದು. ನೀರಿನ ಬಣ್ಣ ನೋಡಿ, ಸದ್ದು ಕೇಳಿ, ಅವರು ಮೊದಲೇ ದಡಕ್ಕೆ ಬರುತ್ತಿದ್ದರು. ಒಂದು ವರ್ಷ ಸೋನುಬಾಯಿಗೆ ಲೆಕ್ಕ ತಪ್ಪಿತು. ನಡುಬಂಡೆಯ ಮೇಲೆ ಸಿಕ್ಕಿಬಿದ್ದವಳನ್ನು ಪ್ರವಾಸಿಗರ ರಾಫ್ಟಿನವರು ಎತ್ತಿ ತಂದರು. ಜೀವ ಹೋಗಲಿದ್ದುದಕ್ಕಿಂತ ಏಡಿಬುಟ್ಟಿ ಹೋದದ್ದೇ ಅವಳಿಗೆ ದುಃಖ. ದಾಂಡೇಲಿಯ ಅಂಬೇವಾಡಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಜ್ಯೂಲಿ ಸುದ್ದಿ ಮುಟ್ಟಿದ ಕೂಡಲೇ ಊರಿಗೆ ಓಡಿ ಬಂದಳು. ನದಿಗೆ ಹೋಗಬೇಡ ಎಂದು ಹೇಳಿ ನೋಡಿದಳು. ಆಯಿ ಏಡಿ ಬಿಡುವ ಹೆಂಗಸಲ್ಲ. ಹಾಗಾದರೆ ನದಿಯೇ ಕೂಗಿ ಹೇಳಲಿ ಎಂದು ಮಗಳು ಪೆಟ್ಟಿಗೆ ಮಾಡಲು ಕೂತಳು.

ಕೇರಿಯ ಸ್ಟೀವನ್ ವೈರಿಂಗ್ ಬಲ್ಲವನು. ಇಬ್ಬರೂ ಸೇರಿ ಮೇಲ್ಗಡೆ ನೀರಿನಲ್ಲಿ ಒಂದು ತೇಲುಗುಂಡು ಕಟ್ಟಿದರು. ದಡದ ಮತ್ತಿಮರದಲ್ಲಿ ಅಂಗೈಯಗಲದ ಕಂಪ್ಯೂಟರಿದ್ದ ದೊಡ್ಡ ಪೆಟ್ಟಿಗೆ, ಅದಕ್ಕೆ ಸೈರನ್ನಿನ ಹಾಗೆ ಕೂಗುವ ಒಂದು ಭೋಂಗಾ, ಮನೆಮನೆಗೆ ಒಂದೊಂದು ಮರಿಪೆಟ್ಟಿಗೆ. ನೀರು ಏರತೊಡಗಿದರೆ ದಡದ ಭೋಂಗಾ ಕೂಗುತ್ತದೆ, ಮನೆಗಳ ಮರಿಪೆಟ್ಟಿಗೆಗಳೂ ಕೂಗುತ್ತವೆ. ಮನೆಯವರು ತಮ್ಮ ಮಂದಿಯೆಲ್ಲ ನದಿಯಿಂದ ಮೇಲೆ ಬಂದದ್ದು ನೋಡಿಕೊಂಡು ಗುಂಡಿ ಒತ್ತಬೇಕು. ಅದೇ ಓಗೊಡುವುದು. ಎಲ್ಲ ಮನೆಯೂ ಓಗೊಡುವವರೆಗೆ ಪೆಟ್ಟಿಗೆ ಆ ಕೂಗನ್ನು ಕೈಬಿಡುವುದಿಲ್ಲ. ಪ್ರೋಗ್ರಾಮು ಬರೆಯುವಾಗ ಜ್ಯೂಲಿಗೆ ಬೇರೆ ದಾರಿ ಹೊಳೆಯಲೇ ಇಲ್ಲ. ಕೂಗಿದ ಮೇಲೆ ಎಲ್ಲರೂ ಓಗೊಡುವ ತನಕ ನಿಲ್ಲಬೇಕು, ನಮ್ಮಲ್ಲಿ ಹಾಗೇ ಅಲ್ಲವೇ?

ಬರೆದು ಮುಗಿಸಿ ಅಂಜುಬುರುಕಿಗೆ ಓದಲು ಕೊಟ್ಟಳು. ‘ಮಿತಿ ಸಿಗಲಿಲ್ಲ’ ಎಂದಿತು. ಒಂದು ಮನೆ ಓಗೊಡದಿದ್ದರೆ ಕೂಗು ಹಾಗೇ ಉಳಿಯುತ್ತದೆ, ಅದರ ಮೇಲೆ ಮರುದಿನದ ಕೂಗು, ಅದರ ಮೇಲೆ ಇನ್ನೊಂದು, ಹೀಗೆ ಪೇರಿಕೊಂಡು ಹೋದರೆ ಎಲ್ಲಿಗೆ ಮುಟ್ಟೀತು ಎಂದು ಅದರ ಭಯ. ಜ್ಯೂಲಿ ನಕ್ಕುಬಿಟ್ಟಳು. ಹುಚ್ಚಿ, ನಿನಗೆ ನಮ್ಮ ಕೇರಿ ಗೊತ್ತಿಲ್ಲ ಎಂದುಕೊಂಡು ಸಾಲು ಬರೆದಳು. ‘ಎಲ್ಲ ಮನೆಗಳೂ ಓಗೊಡುತ್ತವೆ, ನಾನು ಹೊಣೆ.’ ಅಂಜುಬುರುಕಿ ಬಾಯಿ ಮುಚ್ಚಿತು.

ಪೆಟ್ಟಿಗೆ ಎಂದರೆ ಸೋನುಬಾಯಿಗೆ ಮಗಳೇ ಮರದಲ್ಲಿ ಕೂತ ಹಾಗೆ. ‘ಭೋಂಗಾ ಆದ ಕೂಡಲೆ ಮ್ಯಾಲೆ ಬರ್ತೇನಿ. ಅಲ್ಲೀ ಮಟ ನನಗ್ಯಾಕ ಚಿಂತಿ?’ ಎನ್ನತೊಡಗಿದಳು. ನೀರಿನ ಬಣ್ಣ ನೋಡುವುದು, ಸದ್ದಿಗೆ ಕಿವಿಗೊಡುವುದು ಎಲ್ಲ ಬಿಟ್ಟುಹೋಯಿತು. ಮಗಳಿಗೆ ಅದೂ ಒಂದು ಹೆಮ್ಮೆಯೇ ಆಗಿತ್ತು.

ಈ ಬೇಸಿಗೆಯ ಶುರುವಿಗೆ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಸ್ಟೀವನ್ ಸಿಕ್ಕಿದ. ಹೆಂಡತಿ, ಮಕ್ಕಳು, ಗಂಟುಮೂಟೆ ಎಲ್ಲ ಜೊತೆಗಿತ್ತು.

‘ಗೋವಾದಾಗ ವೈರಿಂಗ್ ಕೆಲಸ ಸಿಕ್ಕೈತಿ, ಜ್ಯೂಲಿ ಅಕ್ಕಾ. ಮಳಿ ಬರೂ ತನಕ ಅಲ್ಲೇ. ಮನಿಗೆ ಕೀಲಿ ಹಾಕಿ ಬಂದೇವಿ.’

‘ಬರೂ ಮುಂದ ದೋದೋಲ್ ತರೂದು ಮರೀಬ್ಯಾಡ’ ಎಂದು ಜ್ಯೂಲಿ ಕೈಬೀಸಿ ಕಳಿಸಿದಳು. ಸಿಹಿತಿಂಡಿ ಎಂದರೆ ಅವಳಿಗೆ ಬೇರೆ ಏನೂ ನೆನಪಾಗುವುದಿಲ್ಲ.

ಮುಂದಿನ ಭಾನುವಾರ ಮನೆಗೆ ಹೋದಾಗ ಸಿದ್ದಕ್ಕ ಮುಖ ಗಂಟಿಕ್ಕಿಕೊಂಡಿದ್ದಳು. ‘ನಿನ್ನ ಪೆಟ್ಟಿಗಿ ಸ್ಟೀವನ್ನನ ಮನಿ ಒಳಗ ಹಗಲೆಲ್ಲಾ ಅಳತೈತಿ. ಕೀಲಿ ಹಾಕಿದ ಮನ್ಯಾಗ ಕೂಸು ಬಿಟ್ಟು ಹೋದಂಗ ಆಗೈತಿ ನಮಗ’ ಎಂದಳು. ಎಲ್ಲರೂ ನಕ್ಕರು, ಜ್ಯೂಲಿಯೂ ನಕ್ಕಳು. ಪೆಟ್ಟಿಗೆಯ ನಿಷ್ಠೆ ನೋಡಿ ಅವಳಿಗೆ ಮುದ್ದೇ ಬಂತು. ಅವಳ ತಲೆಯಲ್ಲಿ ಆಗ ತುಂಬಿದ್ದು ಮುಂದಿನ ವಾರದ ಭಾಷಣ. ಧಾರವಾಡದಿಂದ ಅವಳ ಪಿಎಚ್‌ಡಿ ಗೈಡ್ ವಿದ್ಯಾವತಿ ಮೇಡಂ ಹಳಿಯಾಳಕ್ಕೇ ಬರುವವರಿದ್ದರು. ಅವರ ಎದುರು ಕೆಲಸವನ್ನೆಲ್ಲ ಒಪ್ಪಿಸಿದರೆ ಓದಿನ ಕೊನೆಯ ಗುಡ್ಡ ಹತ್ತಿದ ಹಾಗೆ.

ಭಾಷಣದ ದಿನ ಬೆಳಿಗ್ಗೆ ಆಯಿಯ ಫೋನು ಬಂತು. ಕೇರಿಯಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ, ಅಲ್ಲಿಗೆ ಹತ್ತಿ ಬಂದು ಏದುಸಿರು ಬಿಡುತ್ತಿದ್ದಳು.

‘ಛಲೋ ಮಾತಾಡು, ಅಂಜಬ್ಯಾಡ. ಹಾಂ, ಇನ್ನೊಂದು. ಸ್ಟೀವನ್ನನ ಮನೀ ಪೆಟ್ಟಿಗಿ ನಿನ್ನೆಯಿಂದ ಸುಮ್ಮನಾಗೈತಿ ನೋಡು. ಸಿದ್ದಕ್ಕ ಏಸುಸಾಮಿಗೆ ಮೇಣಬತ್ತಿ ಹಚ್ಚತೇನಿ ಅನ್ನಾಕತ್ತಾಳ.’

‘ಛಲೋ ಆತು ಬಿಡು, ಆಯಿ’ ಎಂದು ಜ್ಯೂಲಿ ಸೀರೆಯ ನೆರಿಗೆ ಸರಿಮಾಡಿಕೊಂಡು ಬಸ್ಸಿಗೆ ಓಡಿದಳು.

ವಿದ್ಯಾವತಿ ಮೇಡಂ ನೋಡಲು ಸಣ್ಣ ಆಕೃತಿ, ಪ್ರಶ್ನೆಗಳು ಮಾತ್ರ ಭಾರಿ. ಜ್ಯೂಲಿಯ ಮೇಲೆ ಅವರಿಗೆ ಎಷ್ಟು ಅಕ್ಕರೆಯೋ ಅಷ್ಟೇ ಸಿಡುಕು. ಮಧ್ಯಾಹ್ನ ಊಟದ ಮೇಲೆ ಭಾಷಣ ಶುರುವಾಯಿತು. ಅಂಜುಬುರುಕಿ ಎಲ್ಲೆಲ್ಲಿ ಸರಿಯಾಗಿ ಹೆದರಿತು, ಎಲ್ಲೆಲ್ಲಿ ಹೆದರಿಕೆ ಕಡಿಮೆ ಮಾಡಿಕೊಂಡಿತು ಎಂದು ಜ್ಯೂಲಿ ತೋರಿಸುತ್ತ ಹೋದಳು. ಮೇಡಂ ಗೋಣು ಹಾಕುತ್ತ ಕೂತಿದ್ದರು. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಅದು ಒಳ್ಳೆಯ ಲಕ್ಷಣವಲ್ಲ ಎಂದು ಜ್ಯೂಲಿಗೆ ಗೊತ್ತಿತ್ತು.

‘ಅದು ಹೆದರಿದ್ದೆಲ್ಲಾ ತೋರಿಸಿದಿ. ನೀ ಅದರ ಬಾಯಿ ಮುಚ್ಚಿಸಿದ್ದು ಒಂದರೆ ತೋರಸು ನೋಡೋಣ.’

ಜ್ಯೂಲಿಗೆ ಸಂತೋಷವೇ ಆಯಿತು. ತನ್ನ ಕೇರಿಯ ಪೆಟ್ಟಿಗೆಯ ಪ್ರೋಗ್ರಾಮನ್ನು ಪರದೆಯ ಮೇಲೆ ತಂದಳು. ನದಿ, ಕೂಗು, ಓಗೊಡುವುದು, ಎಲ್ಲ ಹೇಳಿ ತನ್ನ ಸಾಲನ್ನು ತೋರಿಸಿದಳು.

‘ಎಲ್ಲಾ ಮನೀನೂ ಓಗೊಡ್ತಾವ ಅಂತ ನಿನಗ ಹೆಂಗ ಗೊತ್ತು?’

‘ಅದು ನಮ್ಮ ಕೇರಿ ರೀ, ಮೇಡಂ. ನಮ್ಮಲ್ಲಿ ಕೂ ಅಂದ್ರ ಓಗೊಡಲಾರದವರು ಯಾರೂ ಇಲ್ರಿ.’

‘ಇದ್ದವರು ಓಗೊಡ್ತಾರ, ಖರೆ. ಊರಾಗ ಇಲ್ಲದವರು?’

ಜ್ಯೂಲಿಗೆ ಬಸ್‌ಸ್ಟ್ಯಾಂಡಿನಲ್ಲಿ ಸ್ಟೀವನ್ ಆಡಿದ ಮಾತು ನೆನಪಾಯಿತು. ಬೀಗದ ಮನೆಯೊಳಗೆ ಅಳುತ್ತಿದ್ದ ಮರಿಪೆಟ್ಟಿಗೆ ನೆನಪಾಯಿತು. ಅದು ಅತ್ತದ್ದು ನಿಷ್ಠೆಯಿಂದಲ್ಲ, ಕೂಗಿನ ಮೇಲೆ ಕೂಗು ಪೇರಿಕೊಳ್ಳುತ್ತಿದ್ದುದರಿಂದ. ನಿನ್ನೆಯಿಂದ ಸುಮ್ಮನಾಗಿದೆ ಎಂದರೆ ಮರಿಪೆಟ್ಟಿಗೆ ಒಂದೇ ಸುಮ್ಮನಾದದ್ದಲ್ಲ. ಮರದ ಮೇಲಿನ ದೊಡ್ಡ ಪೆಟ್ಟಿಗೆಯೇ ಜಾಗ ಮುಗಿದು ನಿಂತಿದೆ. ಇನ್ನು ಭೋಂಗಾ ಕೂಗುವುದಿಲ್ಲ. ಅದನ್ನು ನಂಬಿಕೊಂಡು ಆಯಿ ಈ ಹೊತ್ತಿಗೆ ನಡುಬಂಡೆಯ ಮೇಲಿರುತ್ತಾಳೆ, ಸಂಜೆಗೆ ನೀರು ಬರುತ್ತದೆ.

ಫೋನ್ ಹಚ್ಚಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಂಗಸಿನ ದನಿ ಮೂರು ಭಾಷೆಯಲ್ಲಿ ಹೇಳಿತು. ನಡೆದದ್ದನ್ನು ಅವಳು ಅರ್ಧ ಹೇಳುವಷ್ಟರಲ್ಲಿ ವಿದ್ಯಾವತಿ ಮೇಡಂ ಕಾರಿನ ಚಾವಿ ತೆಗೆದಿದ್ದರು.

‘ಉಳಿದದ್ದು ಗಾಡ್ಯಾಗ ಹೇಳು. ಏಳು, ಹೋಗೂಣು.’

ಮೇಡಂ ಕಾರು ಓಡಿಸುವುದು ಧಾರವಾಡದಲ್ಲೇ ಹೆಸರುವಾಸಿ. ಹಿಂದೆ ಬರುವ ಟಂಟಂ ಆಟೋಗಳು ಕೂಡ ಅವರನ್ನು ಹಾದುಹೋಗುತ್ತವೆ. ಹಳಿಯಾಳ ಬಿಟ್ಟು ಕಾಡುರಸ್ತೆ ಹಿಡಿದಾಗ ಜ್ಯೂಲಿ ಸೀಟಿನ ಅಂಚಿಗೆ ಬಂದು ಕೂತಿದ್ದಳು. ‘ಸ್ವಲ್ಪ ಜೋರ್ ಹೊಡೀರಿ, ಮೇಡಂ’ ಎಂದರೆ, ‘ಜಿಂಕಿ ದಾಟ್ತಾವ ಅಂತ ಬೋರ್ಡ್ ಐತಿ, ಕಾಣಸೂದಿಲ್ಲೇನು?’ ಎಂದರು. ಆದರೆ ಒಂದು ತಿರುವಿನಲ್ಲಿ ಪಕ್ಕಕ್ಕೆ ನೋಡಿದಾಗ ಹುಡುಗಿಯ ಕಣ್ಣು ತುಂಬಿದ್ದು ಅವರಿಗೆ ಕಂಡಿತು. ಆ ಕಾರು ಅಷ್ಟು ಜೋರಾಗಿ ಅಲ್ಲಿಯ ತನಕ ಓಡಿರಲಿಲ್ಲ, ಆಮೇಲೂ ಓಡಿಲ್ಲ.

ದಾಂಡೇಲಿ ದಾಟಿ, ಕೋಗಿಲಬನ ದಾಟಿ, ಮಣ್ಣುರಸ್ತೆ ಮುಗಿದಲ್ಲಿ ಜ್ಯೂಲಿ ಇಳಿದು ಓಡಿದಳು. ಮತ್ತಿಮರದ ಪೆಟ್ಟಿಗೆಯ ದೀಪ ಆರಿತ್ತು. ಕೆಳಗೆ ನದಿ ಆಗಲೇ ಏರತೊಡಗಿತ್ತು. ದಡದ ಹತ್ತಿರದ ಸಣ್ಣ ಬಂಡೆಗಳ ಮೇಲೆ ನೀರು ಹರಿಯುತ್ತಿತ್ತು. ನಡುಬಂಡೆಯ ಮೇಲೆ ಸೋನುಬಾಯಿ, ಸೀರೆ ಎತ್ತಿ ಕಟ್ಟಿ, ಬುಟ್ಟಿ ಕಂಕುಳಲ್ಲಿಟ್ಟು ನಿಂತಿದ್ದಳು. ಸಿಕ್ಕಿಬಿದ್ದವಳ ಹಾಗೆ ಕಾಣಲಿಲ್ಲ. ಅವಳಿಗೂ ದಡಕ್ಕೂ ನಡುವೆ ಇನ್ನೂ ದಾಟಬಹುದಾದಷ್ಟೇ ನೀರಿತ್ತು. ಆದರೂ ದಡದ ಕಡೆ ಬೆನ್ನು ಮಾಡಿ, ಕೈಯನ್ನು ಬಾಯಿಗೆ ಹಿಡಿದು, ಕೆಳಗಿನ ಬಂಡೆಗಳ ಕಡೆಗೆ ಕೂಗುತ್ತಿದ್ದಳು.

‘ಕೂ!’

ಯಾರೂ ಓಗೊಡಲಿಲ್ಲ. ಮತ್ತೆ ಕೂಗಿದಳು.

‘ಆಯಿ! ನೀರು ಬಂತು! ಬಾ!’

ಸೋನುಬಾಯಿ ತಿರುಗಿ ಮಗಳನ್ನು ನೋಡಿದಳು. ‘ಸಿದ್ದಕ್ಕ ಕೆಳಗ ಹೋಗ್ಯಾಳ! ಇನ್ನೂ ಓಗೊಟ್ಟಿಲ್ಲ!’ ಎಂದು ಅಲ್ಲಿಂದಲೇ ಒದರಿ, ಮತ್ತೆ ಆ ಕಡೆಗೆ ಮುಖ ಮಾಡಿದಳು.

ಜ್ಯೂಲಿ ಬರೆದ ಪ್ರೋಗ್ರಾಮೇ ಸೀರೆ ಉಟ್ಟು ನೀರಿನ ನಡುವೆ ನಿಂತಿತ್ತು. ಓಗೊಡುವ ತನಕ ಬಿಡಬಾರದು. ಆಯಿ ಬಿಡುವುದಿಲ್ಲ, ಅದು ಖಂಡಿತ. ನೀರು ನಿಲ್ಲುವುದಿಲ್ಲ, ಅದೂ ಖಂಡಿತ. ದಡದ ಮೇಲೆ ಕೆಳಕ್ಕೆ ಓಡಿ ನೋಡಿದಳು. ಸಿದ್ದಕ್ಕ ಏಡಿ ಹಿಡಿಯುವ ಜಾಗದಲ್ಲಿ ಯಾರೂ ಇರಲಿಲ್ಲ. ಮರಳಿನ ಮೇಲೆ ಒದ್ದೆ ಹೆಜ್ಜೆಗಳು ಊರಿನ ಕಾಲುದಾರಿಯ ಕಡೆಗೆ ಹೋಗಿದ್ದವು. ಮೇಲೆ ಬಂದು ಹೋಗಿದ್ದಾಳೆ, ಪುಣ್ಯಾತ್ಮಗಿತ್ತಿ, ಹೇಳದೆ ಹೋಗಿದ್ದಾಳೆ. ‘ಆಕಿ ಮನಿಗೆ ಹೋಗ್ಯಾಳ!’ ಎಂದು ಜ್ಯೂಲಿ ಗಂಟಲು ಹರಿಯುವ ಹಾಗೆ ಕೂಗಿದಳು. ಅಷ್ಟರಲ್ಲಿ ನೀರಿನ ಸದ್ದು ಹೆಚ್ಚಾಗಿತ್ತು, ಮಾತು ಆಯಿಗೆ ಮುಟ್ಟಲಿಲ್ಲ. ನೀರಿನ ಮೇಲಿಂದ ಮುಟ್ಟುವುದು ಕೂ ಒಂದೇ. ಅದಕ್ಕೇ ಅಲ್ಲವೇ ಹಿರಿಯರು ಅದನ್ನು ಇಟ್ಟುಕೊಂಡದ್ದು.

ಜ್ಯೂಲಿ ಸಿದ್ದಕ್ಕನ ಜಾಗದ ಹುಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತಳು. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು, ಭಾಷಣಕ್ಕೆಂದು ಇಸ್ತ್ರಿ ಮಾಡಿದ ಸೀರೆ ಕೆಸರಾಗಿತ್ತು. ಕಣ್ಣು ಮುಚ್ಚಿ, ಚಿಕ್ಕಂದಿನಲ್ಲಿ ಬೆನ್ನಿಗೆ ತಿಂದ ಏಟುಗಳನ್ನೆಲ್ಲ ನೆನೆದು, ನಡುವೆ ಒಡೆದು ಕೊನೆಗೆ ಮೇಲಕ್ಕೇರುವ ಆ ಹಾಳು ಕೂ ಅನ್ನು ಕೂಗಿದಳು.

ಆಯಿ ಆ ಕಡೆಗೆ ಒಂದು ಕ್ಷಣ ನೋಡಿದಳು. ಆಮೇಲೆ ಬುಟ್ಟಿಯನ್ನು ತಲೆಗೇರಿಸಿ ದಡಕ್ಕೆ ಹೊರಟಳು. ನೀರು ಮೊದಲು ಮೊಳಕಾಲಿಗೆ, ಆಮೇಲೆ ತೊಡೆಗೆ, ಕೊನೆಯ ಬಂಡೆ ಬಿಡುವ ಹೊತ್ತಿಗೆ ಸೊಂಟಕ್ಕೆ ಬಂತು. ಜ್ಯೂಲಿ ನೀರಿಗಿಳಿದು ಕೈ ಚಾಚಿದಳು. ಅವಳ ಇನ್ನೊಂದು ಕೈಯನ್ನು ವಿದ್ಯಾವತಿ ಮೇಡಂ ಚಪ್ಪಲಿ ಸಮೇತ ಕೆಸರಿನಲ್ಲಿ ಹೂತು ನಿಂತು ಹಿಡಿದುಕೊಂಡಿದ್ದರು. ಮೂವರೂ ದಡಕ್ಕೆ ಬಿದ್ದರು. ಈ ಸಲ ಬುಟ್ಟಿಯೂ ಉಳಿಯಿತು.

ಜ್ಯೂಲಿ ಆಯಿಯನ್ನು ಅಪ್ಪಿಕೊಂಡು ಜೋರಾಗಿ ಅತ್ತಳು. ಸೋನುಬಾಯಿ ಮಗಳ ತಲೆ ಸವರಿದಳು.

‘ಅದು ನಿನ್ನ ಕೂ ಅಂತ ನನಗ ಗೊತ್ತಾಗಲಿಲ್ಲ ಅಂದ್ಕೊಂಡಿಯೇನ?’

‘ಗೊತ್ತಾಗಿದ್ರ ಮತ್ತ ಯಾಕ ಬಂದಿ?’

‘ನೀ ಸುಮ್ಮ ಸುಮ್ಮನ ಸುಳ್ಳು ಹೇಳಾಕಿ ಅಲ್ಲ. ಸಿದ್ದಕ್ಕ ಮ್ಯಾಲೆ ಹೋಗಿದ್ದು ನಿನಗ ಖಾತ್ರಿ ಆಗಿರಬೇಕು ಅನ್ಕೊಂಡೆ.’ ಆಮೇಲೆ ಒದ್ದೆ ಸೆರಗು ಹಿಂಡುತ್ತ ಮೇಡಂ ಕಡೆ ನೋಡಿದಳು. ‘ಇವರು ಯಾರು? ಬರ್ರಿ, ಮನಿಗೆ ಬರ್ರಿ. ಏಡಿ ಸಾರು ಮಾಡತೇನಿ.’

‘ನಾ ಏಡಿ ತಿನ್ನೂದಿಲ್ರಿ’ ಎಂದರು ಮೇಡಂ, ಚಪ್ಪಲಿಯ ಕೆಸರು ಕೊಡವುತ್ತ. ‘ಚಾ ಕುಡೀತೇನಿ.’

ಮನೆಗೆ ಬಂದರೆ ಸಿದ್ದಕ್ಕ ತನ್ನ ಕಟ್ಟೆಯ ಮೇಲೆ ಬೆರಳಿಗೆ ಅರಿಸಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಏಡಿ ಕಚ್ಚಿತ್ತು. ಕೇರಿಯಲ್ಲೇ ಏಡಿ ಹಿಡಿಯುವುದರಲ್ಲಿ ತನ್ನ ಸಮ ಯಾರೂ ಇಲ್ಲ ಎಂದು ಕೊಚ್ಚಿಕೊಳ್ಳುವವಳಿಗೆ ಏಡಿ ಕಚ್ಚುವುದೆಂದರೆ ಸಣ್ಣ ಅವಮಾನವಲ್ಲ. ಯಾರಿಗೂ ಕಾಣದ ಹಾಗೆ ಮೇಲಿನ ದಾರಿಯಿಂದ ಜಾರಿಕೊಂಡಿದ್ದಳು. ಹೇಗೂ ನೀರು ಬಂದರೆ ಭೋಂಗಾ ಕೂಗುತ್ತದಲ್ಲ ಎಂದುಕೊಂಡಿದ್ದಳಂತೆ. ತನ್ನ ಸಲುವಾಗಿ ಸೋನುಬಾಯಿ ನೀರಿನ ನಡುವೆ ನಿಂತಿದ್ದಳು, ಜ್ಯೂಲಿ ಅಣಕಿಸಿದ ತನ್ನ ಕೂಗಿಗೇ ದಡಕ್ಕೆ ಬಂದಳು ಎಂದು ತಿಳಿದ ಮೇಲೆ ಅವಳು ಎದ್ದು ಸೋನುಬಾಯಿಯ ಬುಟ್ಟಿಯನ್ನು ತಾನೇ ಹೊತ್ತು ಒಳಗೆ ನಡೆದಳು. ಅದೂ ಅಪರೂಪ.

ಚಹಾ ಕುಡಿಯುತ್ತ ಮೇಡಂ ಎಲ್ಲರ ಎದುರೇ ಹೇಳಿದರು. ‘ಕೂಗಿಗೆ ಒಂದು ಮಿತಿ ಇಡು, ಜ್ಯೂಲಿ. ಇಷ್ಟು ಸಲ ಕೂಗಿ ಕೈಬಿಡು ಅಂತ ಒಂದು ಸಾಲು ಬರದ್ರ ಮುಗೀತು.’

ಬರೆಯುವುದು ಸುಲಭ ಎಂದು ಜ್ಯೂಲಿಗೂ ಗೊತ್ತು. ಆದರೆ ಅವಳ ಕಣ್ಣು ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅಪ್ಪನ ಮೇಲೇ ಇತ್ತು.

‘ಬಾಬಾ, ಅವತ್ತು ನಮ್ಮ ಮಂದಿ ಒಂದು ಮಿತಿ ಇಟ್ಟು ಕೂಗಿ ಬಿಟ್ಟಿದ್ರ ನೀ ಇವತ್ತು ಇರ್ತಿರಲಿಲ್ಲ. ನಾ ಹೆಂಗ ಬರೀಲಿ ಅದನ್ನ?’

ಪೆದ್ರು ಅವಳನ್ನು ಬೆರಗಿನಿಂದ ನೋಡಿದ. ‘ಕೂಗಿದ್ದು ನನಗೆಲ್ಲಿ ಕೇಳಿತ್ತು, ಮಗಾ? ನಾ ಎಚ್ಚರ ತಪ್ಪಿ ಬಿದ್ದಿದ್ದೆ. ಇವರು ಸ್ವಲ್ಪ ಹೊತ್ತು ಕೂಗಿದ್ರಂತ. ಆಮ್ಯಾಲೆ ನಿಮ್ಮ ಆಯಿ, ಇನ್ನ ಕೂಗಿ ಉಪಯೋಗಿಲ್ಲ ಅಂತ ಹೇಳಿ ಮುಳ್ಳಾಗ ನುಗ್ಗಿ ಹುಡುಕಾಕ ಬಂದ್ಲು. ಬರೇ ಕೂಗಿಕೋಂತ ನಿಂತಿದ್ರ ನಾ ಸಿಗತಿದ್ನೇನ?’

ಇಷ್ಟು ವರ್ಷ ಹೊಸ್ತಿಲ ಮೇಲೆ ಕೂತಿದ್ದ ಹುಡುಗಿಗೆ ಕಥೆಯ ಈ ಅರ್ಧ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಆಯಿಯ ಕಡೆಗೆ ತಿರುಗಿ, ‘ಮತ್ತ ಇವತ್ತ ಯಾಕ ನಿಂತಿ?’ ಎಂದಳು.

‘ಹುಡುಕಾಕ ಹೋಗೂಣು ಅಂದ್ರ ಸುತ್ತಲೂ ನೀರು’ ಎಂದಳು ಸೋನುಬಾಯಿ. ‘ಬಿಟ್ಟು ಬರೂಣು ಅಂದ್ರ ಕಾಲು ಏಳಲಿಲ್ಲ.’

ಸಿದ್ದಕ್ಕ ಮೂಗೊರೆಸಿಕೊಂಡಳು.

ಆ ವಾರವೆಲ್ಲ ಜ್ಯೂಲಿ ಪ್ರೋಗ್ರಾಮನ್ನು ತಿದ್ದಿದಳು. ಈಗ ಪೆಟ್ಟಿಗೆ ಕೆಲವು ಸಲ ಕೂಗುತ್ತದೆ. ಒಂದು ಮನೆ ಓಗೊಡದಿದ್ದರೆ ಕೂಗನ್ನು ಕೈಬಿಟ್ಟು, ಆ ಮನೆಯ ನೆರೆಯವರ ಪೆಟ್ಟಿಗೆಯಲ್ಲಿ ಬೇರೆ ರಾಗದ ಗಂಟೆ ಬಾರಿಸುತ್ತದೆ, ಎದ್ದು ಹೋಗಿ ನೋಡಿ ಬಾ ಎಂದು. ಕೂಗಿಗೆ ಮಿತಿ ಇದೆ, ಹುಡುಕುವುದನ್ನು ಯಂತ್ರದ ತಲೆಗೆ ಕಟ್ಟಿಲ್ಲ, ಅದು ಮನುಷ್ಯರಿಗೆ ಬಿಟ್ಟದ್ದು. ತಾನು ಹೊಣೆ ಎಂದು ಬರೆದಿದ್ದ ಸಾಲನ್ನು ಅಳಿಸಿ ಅಂಜುಬುರುಕಿಗೆ ಕೊಟ್ಟಳು. ಅದು ಓದಿ, ಹೆಚ್ಚೆಂದರೆ ಇಷ್ಟು ಜಾಗ ಸಾಕು ಎಂದು ಹಸಿರಕ್ಷರದಲ್ಲಿ ಒಂದು ಸಂಖ್ಯೆ ಬರೆಯಿತು. ಪೆಟ್ಟಿಗೆಯ ಹೊಟ್ಟೆಗಿಂತ ಅದು ಚಿಕ್ಕದಿತ್ತು. ಆ ಹೆದರುಪುಕ್ಕಲಿಯ ಮೇಲೆ ಜ್ಯೂಲಿಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಭಾನುವಾರ ಪರೀಕ್ಷೆಗೆಂದು ತೇಲುಗುಂಡನ್ನು ಕೈಯಿಂದ ಎತ್ತಿ, ಓಡಿ ಬಂದು ತಮ್ಮ ಮನೆಯಲ್ಲಿ ಕೂತಳು. ಮರಿಪೆಟ್ಟಿಗೆ ಕೂಗಿತು. ಅಪ್ಪ, ಆಯಿ, ಮಗಳು ಮೂವರೂ ಗುಂಡಿ ಒತ್ತದೆ ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡಿದರು. ಕೂಗು ನಿಂತಿತು. ಪಕ್ಕದ ಮನೆಯಲ್ಲಿ ಬೇರೆ ರಾಗದ ಗಂಟೆ ಕೇಳಿಸಿತು. ಅದರ ಹಿಂದೆಯೇ ಸಿದ್ದಕ್ಕ ಒಲೆಯೂದುವ ಕೊಳವೆಯನ್ನು ಕೈಯಲ್ಲಿ ಹಿಡಿದು, ತಲೆ ಕೆದರಿಕೊಂಡು, ಬಾಗಿಲು ದೂಡಿ ಒಳಗೆ ಬಂದಳು. ಪರೀಕ್ಷೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೂವರೂ ನೆಟ್ಟಗೆ ಕೂತಿದ್ದು ನೋಡಿ ಅವಳ ಕೈಯ ಕೊಳವೆ ಕೆಳಗೆ ಬಿತ್ತು. ಜ್ಯೂಲಿಯ ಪಕ್ಕ ಕುಸಿದು ಕೂತು, ಬಟ್ಟೆ ಸುತ್ತಿದ ಕೈಯನ್ನು ಅವಳ ಬೆನ್ನ ಮೇಲಿಟ್ಟಳು.

‘ನನ್ನ ಕೂ ನೀನಽ ಇಟ್ಕೋ, ಮಗಳ’ ಎಂದಳು. ಸೋನುಬಾಯಿ ಚಹಾಕ್ಕೆ ನೀರಿಡಲು ಎದ್ದಳು.